ಉಡಿ ತುಂಬಿ ಕಳಿಸಿದ ಗಾಡಿ

ಗಾಡಿಗಳು ತಾವಾಗಿಯೇ ಓಡುವುದನ್ನು ಕಲಿತ ಮೇಲೆ ಸರ್ಕಾರಕ್ಕೆ ಹೊಸದೊಂದು ತಲೆನೋವು ಶುರುವಾಯಿತು. ಚಾಲಕನೇ ಇಲ್ಲದ ಗಾಡಿ ಯಾರಿಗಾದರೂ ಗುದ್ದಿದರೆ ಹಿಡಿಯುವುದು ಯಾರನ್ನು? ಗಾಡಿಯನ್ನು ಜೈಲಿಗೆ ಹಾಕಿದರೆ ಅದಕ್ಕೇನು ಬೇಜಾರು, ಶೆಡ್ಡಿನಲ್ಲಿ ನಿಂತ ಹಾಗೆ ಅಲ್ಲೂ ನಿಂತಿರುತ್ತದೆ. ಕೊನೆಗೆ ದೊಡ್ಡವರೆಲ್ಲ ಕೂತು ಒಂದು ಕಾಯ್ದೆ ಮಾಡಿದರು. ರಸ್ತೆಗಿಳಿದ ಪ್ರತಿ ಗಾಡಿಯ ಮೇಲೆ, ಪ್ರತಿ ಕ್ಷಣವೂ, ಬದುಕಿರುವ ಒಬ್ಬ ಮನುಷ್ಯನ ಹೆಸರು ಇರಲೇಬೇಕು. ಅದಕ್ಕಾಗಿ ಗಾಡಿಯೊಳಗೆ ಉಗುರಿನಷ್ಟು ಅಗಲದ ಚಿಪ್ ಕೂರಿಸಿ, ಹೊಣೆಮುದ್ರೆ ಎಂದು ಕರೆದರು. ಮುದ್ರೆಯಲ್ಲಿ ಹೆಸರಿಲ್ಲದಿದ್ದರೆ ಚಕ್ರ ಒಂದಿಂಚೂ ಕದಲುವುದಿಲ್ಲ. ಹೆಸರಿದ್ದರೆ, ಗಾಡಿ ಮಾಡಿದ್ದೆಲ್ಲ ಆ ಹೆಸರಿನವರೇ ಮಾಡಿದ ಲೆಕ್ಕ.

ಕಾಯ್ದೆ ಮಾಡಿದವರ ಉದ್ದೇಶ ಒಳ್ಳೆಯದೇ ಇತ್ತು ಅನ್ನೋಣ. ಆದರೆ ಆ ಹೊತ್ತಿಗೆ ಗಾಡಿ ಕೊಂಡುಕೊಳ್ಳುವ ಜನವೇ ಉಳಿದಿರಲಿಲ್ಲ. ಎಲ್ಲರೂ ಲೀಸಿಗೆ ತರುವವರು, ಎರಡು ಮೂರು ವರ್ಷ ಓಡಿಸಿ ವಾಪಸ್ಸು ಒಪ್ಪಿಸುವವರು. ತರುವಾಗ ಹೆಸರು ಹತ್ತುತ್ತದೆ, ಒಪ್ಪಿಸುವಾಗ ಇಳಿಯುತ್ತದೆ. ಇಳಿದ ಹೆಸರಿನ ಜಾಗಕ್ಕೆ ಕಂಪನಿಯ ಅಧಿಕಾರಿಯೊಬ್ಬರು ತಮ್ಮ ಹೆಸರು ಕೊಡಬೇಕು. ತಂಟೆ ಇದ್ದದ್ದು ಅಲ್ಲಿಯೇ. ತಮ್ಮ ಹೆಸರು ಕೊಡುವುದೆಂದರೆ ಯಾವ ಸಾಹೇಬರಿಗೆ ತಾನೇ ಇಷ್ಟ?

ಹುಬ್ಬಳ್ಳಿಯ ಹೊರಗೆ ಗಾಜಿನ ಕಟ್ಟಡದಲ್ಲಿದ್ದ ‘ಸರಾಗ’ ಎಂಬ ಲೀಸ್ ಕಂಪನಿಯಲ್ಲಿ ನೀಲಗಂಗಾ ಹೂಗಾರ ಡಿಸೈನರ್ ಆಗಿದ್ದಳು. ಗಾಡಿ ಒಪ್ಪಿಸುವ ಆ್ಯಪ್ ಅವಳ ಕೈಕೂಸು. ಅವಳು ಬರುವ ಮೊದಲು ಅದರಲ್ಲಿ ಹನ್ನೊಂದು ಸ್ಕ್ರೀನುಗಳಿದ್ದವು. ಟೈರು ಹೇಗಿದೆ, ಬ್ಯಾಟರಿ ಹೇಗಿದೆ, ಮೈಮೇಲೆ ಗೀರು ಎಷ್ಟಿವೆ ಎಂದು ಒಂದೊಂದೇ ಪರೀಕ್ಷೆ ಮುಗಿಯುವವರೆಗೆ ಜನ ಯಾರ್ಡಿನ ಬಿಸಿಲಲ್ಲಿ ಬೈಯುತ್ತ ನಿಂತಿರಬೇಕಿತ್ತು. ನೀಲಗಂಗಾ ಎಂಟು ತಿಂಗಳು ಗದಗ, ಹಾವೇರಿ, ಬಾಗಲಕೋಟೆ ತಿರುಗಿದಳು. ಜನರ ಪಕ್ಕ ನಿಂತು ಅವರ ಹೆಬ್ಬೆರಳು ಎಲ್ಲಿ ತಡವರಿಸುತ್ತದೆ, ಹುಬ್ಬು ಯಾವಾಗ ಗಂಟಿಕ್ಕುತ್ತದೆ ಎಂದು ನೋಡಿ ನೋಡಿ ಬರೆದುಕೊಂಡಳು. ಜನಕ್ಕೆ ಬೇಕಿದ್ದದ್ದು ಒಂದೇ ಮಾತು: ಮುಗಿಯಿತು, ನೀವಿನ್ನು ಮನೆಗೆ ಹೋಗಿ.

ಆ ಮಾತನ್ನೇ ಅವಳು ಎಲ್ಲಕ್ಕಿಂತ ಮುಂದೆ ತಂದಿಟ್ಟಳು. ಒಪ್ಪಿಸುವ ಬಟನ್ ಒತ್ತಿದ ನಾಲ್ಕೇ ಸೆಕೆಂಡಿಗೆ ಸ್ಕ್ರೀನಿನ ತುಂಬ ಹಸಿರು ಟಿಕ್ ಮಾರ್ಕು, ಮೇಲಿಂದ ಉದುರುವ ಚೆಂಡುಹೂವಿನ ಎಸಳು. ‘ಗಾಡಿ ಒಪ್ಪಿಸಿದ್ದೀರಿ. ನಿಮಗೆ ಧನ್ಯವಾದ.’ ಪರೀಕ್ಷೆಗಳೆಲ್ಲ ಅದರ ಹಿಂದೆ, ಜನ ಹೊರಟುಹೋದ ಮೇಲೆ, ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ಏನಾದರೂ ಕೊರತೆ ಕಂಡರೆ ಟಿಕ್ಕಿನ ಕೆಳಗೆ ಬೂದು ಬಣ್ಣದ ಒಂದು ಸಾಲು ಬರುತ್ತಿತ್ತು. ಎಳ್ಳಿನಷ್ಟು ಸಣ್ಣ ಅಕ್ಷರ. ಅದನ್ನು ಅಷ್ಟು ಸಣ್ಣದು ಮಾಡಿದವಳೂ ಅವಳೇ, ಯಾಕೆಂದರೆ ದೊಡ್ಡದಿದ್ದಾಗ ಜನ ಗಾಬರಿಯಾಗುತ್ತಿದ್ದರು. ಆ ವರ್ಷ ಕಂಪನಿ ಅವಳಿಗೆ ಹಾರ ಹಾಕಿ ಸನ್ಮಾನ ಮಾಡಿತು.

ಭಾನುವಾರ ಮಧ್ಯಾಹ್ನ ಅವಳ ನಾದಿನಿ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಕಸ್ತೂರಿ ಇಪ್ಪತ್ತೆರಡು ವರ್ಷದಿಂದ ಲಸಿಕೆ ಹಾಕುವ ನರ್ಸು. ಮದುವೆಯ ಗೋಜಿಗೆ ಹೋಗದೆ ಅಣ್ಣನ ಮನೆಯಲ್ಲೇ ಇದ್ದವಳು. ಅಣ್ಣನಿಗೆ ರೈಲ್ವೆ ಗಾರ್ಡ್ ಕೆಲಸ, ವಾರದಲ್ಲಿ ಮೂರು ದಿನ ಊರಲ್ಲಿದ್ದರೆ ಹೆಚ್ಚು. ಹೀಗಾಗಿ ಆ ಮನೆಯ ಮಾತು, ಜಗಳ, ನಗು ಎಲ್ಲ ಈ ಇಬ್ಬರು ಹೆಂಗಸರದೇ. ಲಸಿಕೆಯ ಪೆಟ್ಟಿಗೆ ಹೊತ್ತು ಹಳ್ಳಿ ತಿರುಗಲು ಕಸ್ತೂರಿ ಲೀಸಿಗೆ ತಂದಿದ್ದ ಸಣ್ಣ ವ್ಯಾನಿನ ಅವಧಿ ಮುಗಿದಿತ್ತು. ಶನಿವಾರ ಬೆಳಿಗ್ಗೆಯೇ ಅದನ್ನು ಯಾರ್ಡಿಗೆ ಒಯ್ದು ಒಪ್ಪಿಸಿ ಬಂದಿದ್ದಳು.

ಬಾಗಿಲಲ್ಲಿ ಇಬ್ಬರು ಪೊಲೀಸರು ನಿಂತರು. ವಯಸ್ಸಾದ ಹವಾಲ್ದಾರ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಕಸ್ತೂರಿ ಹೂಗಾರ ಅಂದ್ರ ಯಾರ್ರೀ?"

"ನಾನರೀ. ಯಾಕ?"

"ಇವತ್ತ ಹತ್ತೂವರಿಗೆ ನಿಮ್ಮ ಗಾಡಿ ಒಬ್ಬರಿಗೆ ಗುದ್ದೈತಿ. ಇಮಾಮಸಾಬ ನದಾಫ ಅಂತ, ಹತ್ತಿ ಹಿಂಜಿ ಗಾದಿ ಮಾಡಾವ್ರು. ಸೈಕಲ್ ಮ್ಯಾಲ ಹೊಂಟಿದ್ರು. ಸೊಂಟದ ಎಲುಬು ಮುರದೈತಿ."

ಕಸ್ತೂರಿಯ ಕೈಯಲ್ಲಿದ್ದ ಹಿಟ್ಟು ಹಾಗೆಯೇ ಇತ್ತು. "ಅಯ್ಯ ಶಿವನ, ಪಾಪ. ಆದ್ರ ಗಾಡಿ ನಂದಲ್ಲರೀ. ನಿನ್ನೇನ ಕೊಟ್ಟ ಬಂದೀನಿ." ಅವಳು ಕೈ ಒರೆಸಿಕೊಂಡು ಫೋನು ತಂದು ತೋರಿಸಿದಳು. ಹಸಿರು ಟಿಕ್ ಮಾರ್ಕು, ಉದುರುವ ಹೂವು, ಧನ್ಯವಾದ.

ಹವಾಲ್ದಾರ ತನ್ನ ಕಿಸೆಯಿಂದ ಮುದ್ರೆ ಓದುವ ಯಂತ್ರ ತೆಗೆದು ತಿರುಗಿಸಿ ಹಿಡಿದ. ಗಾಡಿಯ ನಂಬರು, ಸಮಯ, ಜಾಗ. ಹೊಣೆ: ಕಸ್ತೂರಿ ಹೂಗಾರ.

ನೀಲಗಂಗಾ ಫೋನು ಕಿತ್ತುಕೊಂಡು ಸ್ಕ್ರೀನನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ಟಿಕ್ಕಿನ ಕೆಳಗೆ ಬೂದು ಸಾಲು ಇತ್ತು. ‘ಒಳಗೆ ವಸ್ತು ಕಂಡುಬಂದಿದೆ. ಎಪ್ಪತ್ತೆರಡು ಗಂಟೆಯೊಳಗೆ ತೆಗೆದುಕೊಳ್ಳಿ. ಅಲ್ಲಿಯವರೆಗೆ ಹೊಣೆ ನಿಮ್ಮದೇ.’ ಆ ಮೂರು ವಾಕ್ಯಗಳನ್ನು ಬರೆದವಳು ಅವಳೇ.

"ಗಾಡ್ಯಾಗ ಏನ ಬಿಟ್ಟ ಬಂದಿದ್ದಿ ಕಸ್ತೂರಿ?"

"ಏನೂ ಇಲ್ಲ ವೈನಿ. ಗುಡಿಸಿ, ಒರಸಿ, ಎಲ್ಲಾ ತಕ್ಕೊಂಡ ಬಂದೀನಿ. ಉಡಿ ತುಂಬಿದ್ನಿ, ಅಷ್ಟ."

"ಏನ ತುಂಬಿದ್ದಿ?"

"ಒಂದ ಹಿಡಿ ಅಕ್ಕಿ, ಒಂದ ಕೊಬ್ಬರಿ ಬಟ್ಟಲಾ, ಅರಿಷಿಣ ಕೊಂಬು, ಎಲಿ ಅಡಿಕಿ. ಕುಬಸದ ಚೂರಿನ್ಯಾಗ ಕಟ್ಟಿ ಮುಂದಿನ ಖಾನ್ಯಾಗ ಇಟ್ನಿ. ಮೂರ ವರ್ಷ ಮನೀ ಮಗಳಂಗ ದುಡದೈತಿ ಅದು. ಮಗಳನ್ನ ಬರೇ ಉಡೀಲೆ ಕಳಸ್ತಾರೇನು ಯಾರರೆ?"

ಯಾರೂ ಕಳಿಸುವುದಿಲ್ಲ. ಆ ಸೀಮೆಯಲ್ಲಿ ಪಕ್ಕದ ಮನೆಯಿಂದ ಇಸಕೊಂಡ ಬಟ್ಟಲನ್ನೂ ಖಾಲಿ ಕೊಡುವುದಿಲ್ಲ, ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತಾರೆ. ಹವಾಲ್ದಾರ ತಲೆ ಕೆಳಗೆ ಹಾಕಿದ. ನೋಟಿಸು ಕೊಡಲೇಬೇಕಿತ್ತು, ಕೊಟ್ಟ. ಮಂಗಳವಾರ ಹನ್ನೊಂದಕ್ಕೆ ವಿಚಾರಣೆ. ಹೊಣೆಮುದ್ರೆಯ ಕೇಸಿರುವ ನರ್ಸು ಸೂಜಿ ಮುಟ್ಟುವಂತಿಲ್ಲ, ಹಾಗಾಗಿ ಈಗಿನಿಂದಲೇ ಅವಳ ನೋಂದಣಿ ಅಮಾನತು. ಮಂಗಳವಾರ ಹೊಣೆ ಅವಳದೇ ಎಂದಾದರೆ ನೋಂದಣಿ ರದ್ದು. ಮತ್ತೆಂದೂ ಸಿಗುವುದಿಲ್ಲ.

ಕಸ್ತೂರಿ ನೋಟಿಸನ್ನು ಎರಡು ಸಲ ಓದಿದಳು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು.

ಸೋಮವಾರ ಬೆಳಿಗ್ಗೆ ನೀಲಗಂಗಾ ತನ್ನ ಮೇಜಿಗೆ ಹೋಗದೆ ನೇರವಾಗಿ ಕಂಟ್ರೋಲ್ ರೂಮಿಗೆ ಹೋದಳು. ಅಲ್ಲಿ ಗೋಡೆಯಗಲ ನಕ್ಷೆ, ಅದರ ಮೇಲೆ ಕಂಪನಿಯ ಒಂದೊಂದು ಗಾಡಿಯೂ ಒಂದೊಂದು ಚುಕ್ಕೆ. ಲೀಸಿನಲ್ಲಿರುವವು ನೀಲಿ, ಒಪ್ಪಿಸಿ ಮುಗಿದವು ಹಸಿರು. ನಡುವೆ ಎಲ್ಲೆಲ್ಲೂ ಹಳದಿ ಹರಡಿತ್ತು. ಗೋಡೆಯ ಮುಂದೆ ಕೂತಿದ್ದ ದಿಲ್‌ಶಾದ್ ಮುಲ್ಲಾ ಆರು ವರ್ಷದಿಂದ ಅದೇ ಕುರ್ಚಿಯಲ್ಲಿದ್ದವಳು.

"ದಿಲ್‌ಶಾದ್, ಈ ಹಳದಿ ಯಾವುವು?"

"ಗೊತ್ತಿಲ್ದವರಂಗ ಕೇಳ್ತೀರಲ್ಲ ಮೇಡಂ. ಒಳಗ ಸಾಮಾನ ಐತಿ ಅಂತ ತಡದಿರೋವು. ಹನ್ನೊಂದ ಸಾವಿರದ ನಾಕನೂರಾ ಹನ್ನೆರಡು."

"ಅವು ಯಾರ್ಡಿನ್ಯಾಗ ನಿಂತಿರಬೇಕಲ್ಲ? ಓಡಾಡಾಕತ್ತಾವಲ್ಲ!"

ದಿಲ್‌ಶಾದ್ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. "ಒಪ್ಪಿಸಿದ ಯಾರ್ಡಿನಿಂದ ಬ್ಯಾರೆ ಯಾರ್ಡಿಗೆ ಹೊಂಟಾವು ಅಂತ ಬರೀತಾರ್ರಿ. ಹೋಗೂ ದಾರ್‍ಯಾಗ ಪಾರ್ಸಲ್ ಹೊತಗೊಂಡ ಹೊಕ್ಕಾವು. ಎಪ್ಪತ್ತೆರಡ ತಾಸು ಸುತ್ತಿ ಸುತ್ತಿ ಆಮ್ಯಾಲ ಆ ಯಾರ್ಡಿಗೆ. ಅಲ್ಲೀತನ ಹೆಸರು ಕೊಟ್ಟು ಹೋದವರದ."

ಆ ಎಪ್ಪತ್ತೆರಡು ಗಂಟೆಯ ನಿಯಮ ಹುಟ್ಟಿದ್ದು ಬೇರೆ ಕಾರಣಕ್ಕೆ. ಹಿಂದೊಮ್ಮೆ ಯಾರೋ ಒಪ್ಪಿಸಿ ಹೋದ ಗಾಡಿಯಲ್ಲಿ ಮಲಗಿದ್ದ ಕೂಸು ಉಳಿದುಬಿಟ್ಟಿತ್ತು. ಆಮೇಲೆ ಸೀಟು, ನೆಲ, ಖಾನೆಗಳಲ್ಲೆಲ್ಲ ಒತ್ತಡ ಅಳೆಯುವ ನೂಲು ನೇಯ್ದರು. ಅರ್ಧ ಕಿಲೋಗಿಂತ ಭಾರದ ಏನೇ ಉಳಿದಿದ್ದರೂ ಗಾಡಿ ಗೊತ್ತುಮಾಡುತ್ತದೆ, ಮಾಲೀಕರು ಬಂದು ಒಯ್ಯುವವರೆಗೆ, ಇಲ್ಲವೇ ಎಪ್ಪತ್ತೆರಡು ಗಂಟೆ ಮುಗಿಯುವವರೆಗೆ, ಹೆಸರು ಇಳಿಯುವುದಿಲ್ಲ. ಕೂಸು, ಚೀಲ, ಔಷಧಿ ಪೆಟ್ಟಿಗೆ ಕಳೆಯದಿರಲಿ ಅಂತ ಮಾಡಿದ್ದು. ಕಸ್ತೂರಿಯ ಉಡಿಗಂಟು ಎಷ್ಟು ತೂಗೀತು?

"ತೊಂಬತ್ತಾರ ಗ್ರಾಂ," ಎಂದಳು ದಿಲ್‌ಶಾದ್, ಆ ವ್ಯಾನಿನ ಚುಕ್ಕೆ ಒತ್ತಿ ನೋಡಿ.

"ಅರ್ಧ ಕಿಲೋ ಅಲ್ಲೇನ ಮಿತಿ?"

"ಬ್ಯಾರೆ ಕಡೆ ಅರ್ಧ ಕಿಲೋ. ನಮ್ಮ ಐದು ಜಿಲ್ಲಾಕ್ಕ ಹೋದ ವರ್ಷದಿಂದ ನಲವತ್ತ ಗ್ರಾಂ ಮಾಡ್ಯಾರ."

"ಯಾಕ?"

ದಿಲ್‌ಶಾದ್ ಮಿತಿ ಬದಲಿಸಿದ ಆದೇಶವನ್ನು ತೆರೆದು ಕುರ್ಚಿ ಬಿಟ್ಟೆದ್ದು ನೀರು ಕುಡಿಯಲು ಹೋದಳು. ನೀಲಗಂಗಾ ಓದಿದಳು. ಆದೇಶ ಒಂದೇ ಪುಟ. ಕಾರಣ ಎಂಬಲ್ಲಿ ಹೀಗಿತ್ತು: ‘ಈ ಜಿಲ್ಲೆಗಳ ಗ್ರಾಹಕರು ಯಾವುದನ್ನೂ ಬರಿದಾಗಿ ಹಿಂತಿರುಗಿಸುವುದಿಲ್ಲ. ಹತ್ತರಲ್ಲಿ ಏಳು ಮಂದಿ ಗಾಡಿಯೊಳಗೆ ಅಕ್ಕಿ, ಸಕ್ಕರೆ, ಕೊಬ್ಬರಿಯಂಥ ಸಣ್ಣ ಕಾಣಿಕೆ ಇಟ್ಟು ಹೋಗುತ್ತಾರೆ. ಆಧಾರ: ಕ್ಷೇತ್ರ ಅಧ್ಯಯನ ವರದಿ, ಪುಟ ಹದಿನೇಳು, ನೀಲಗಂಗಾ ಹೂಗಾರ.’ ಕೆಳಗೆ ಸುಹಾಸ ಕಿತ್ತೂರನ ಸಹಿ.

ಅವಳಿಗೆ ಆ ಪುಟ ನೆನಪಿತ್ತು. ರೋಣದ ಹತ್ತಿರ ಒಬ್ಬ ಮುದುಕಿ ಟ್ರ್ಯಾಕ್ಟರ್ ಒಪ್ಪಿಸುವಾಗ ಅದರ ಸೀಟಿನ ಮೇಲೆ ಒಂದು ಹಿಡಿ ಸಕ್ಕರೆ ಸುರಿದು, ಕಣ್ಣು ಒರೆಸಿಕೊಂಡಿದ್ದಳು. ಅದನ್ನು ನೋಡಿ ನೀಲಗಂಗಳ ಕರುಳು ಚುರುಕ್ ಎಂದಿತ್ತು. ನಮ್ಮ ಜನ ಎಂಥವರು ನೋಡಿ ಎಂಬ ಹೆಮ್ಮೆಯಿಂದ ಬರೆದ ಪುಟ ಅದು. ಆ ಹೆಮ್ಮೆಯನ್ನೇ ಹಗ್ಗ ಮಾಡಿ ಅದೇ ಜನರ ಕೊರಳಿಗೆ ಹಾಕಿದ್ದರು. ಆದೇಶವನ್ನು ಪ್ರಿಂಟ್ ತೆಗೆದು ಮಡಚಿಟ್ಟುಕೊಂಡು ಮಹಡಿ ಹತ್ತಿದಳು.

ಸುಹಾಸ ಕಿತ್ತೂರ ಗ್ರಾಹಕ ಅನುಭವ ವಿಭಾಗದ ಮುಖ್ಯಸ್ಥ. ಯಾವಾಗಲೂ ಮೆಲ್ಲಗೆ ಮಾತಾಡುವ, ಎಲ್ಲರನ್ನೂ ಅರ್ಧ ಹೆಸರಿನಿಂದ ಕರೆಯುವ ಮನುಷ್ಯ.

"ಬಾ ನೀಲಾ. ನಿನ್ನ ನಾದಿನಿ ವಿಷಯ ಗೊತ್ತಾಯ್ತು. ತುಂಬಾ ಬೇಜಾರಾಯ್ತು."

"ನಲವತ್ತು ಗ್ರಾಂ ಯಾಕೆ ಮಾಡಿದ್ರಿ?"

"ಸುರಕ್ಷತೆ ಹೆಚ್ಚು ಮಾಡಿದ್ದೀವಿ. ಕಾಯ್ದೆ ಪ್ರಕಾರ ಮಿತಿ ಅರ್ಧ ಕಿಲೋಗಿಂತ ಕಡಿಮೆ ಎಷ್ಟಾದ್ರೂ ಇಟ್ಕೋಬಹುದು."

"ಸುರಕ್ಷತೆ ನಮ್ಮ ಐದು ಜಿಲ್ಲೆಗೆ ಮಾತ್ರ ಬೇಕಾ? ಹೆಸರು ಇಳೀಬಾರದು ಅಂತ ಮಾಡಿದ್ದೀರಿ. ಜನರ ಹೆಸರಿನ ಮೇಲೆ ಪಾರ್ಸಲ್ ಸಾಗಿಸ್ತಿದ್ದೀರಿ. ಗುದ್ದಿದ್ರೆ ಅವರು, ಗೆದ್ದರೆ ನೀವು."

"ಸುಳ್ಳು ಎಲ್ಲಿ ಹೇಳಿದ್ದೀವಿ ಹೇಳು. ಬೂದು ಸಾಲು ಇದೆಯಲ್ಲ? ಓದದೇ ಹೋದ್ರೆ ಅದು ನಮ್ಮ ತಪ್ಪಾ?"

"ಓದಬಾರದು ಅಂತಲೇ ಅಲ್ವಾ ಅದನ್ನ ಹಾಗೆ ಮಾಡಿದ್ದು!"

"ಮಾಡಿದ್ದು ಯಾರು?" ಕಿತ್ತೂರ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅದೇ ಅವಳಿಗೆ ಇನ್ನಷ್ಟು ರೇಗಿಸಿತು. "ಟಿಕ್ ಮುಂದಿಟ್ಟವಳು ನೀನು. ಅಕ್ಷರ ಸಣ್ಣ ಮಾಡಿದವಳು ನೀನು. ಪ್ರತಿ ಸ್ಕ್ರೀನಿನ ಮೂಲೇಲೂ ನಿನ್ನ ಸಹಿ ಇದೆ. ನಾಳೆ ನಮ್ಮ ವಕೀಲರು ಹೋಗ್ತಾರೆ, ಕಸ್ತೂರಿಯವರು ಮರೆತು ಏನೋ ಬಿಟ್ರು, ಕ್ಷಮಿಸಿ ಅಂತ ಕೇಳ್ಕೋತಾರೆ. ನೋಂದಣಿ ಹೋಗಬಹುದು, ಜೈಲು ತಪ್ಪುತ್ತೆ. ನೀನು ಸುಮ್ಮನಿರು, ಎಲ್ಲರಿಗೂ ಒಳ್ಳೇದು."

ಅವಳಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲಿಲ್ಲ. ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಬಾಗಿಲನ್ನು ಗಾಜು ಅದುರುವ ಹಾಗೆ ಎಳೆದು ಹೊರಬಂದಳು.

ಸಂಜೆ ಮನೆಗೆ ಬಂದಾಗ ಕಸ್ತೂರಿ ಹಿತ್ತಲಲ್ಲಿ ಲಸಿಕೆಯ ತಣ್ಣನೆ ಪೆಟ್ಟಿಗೆಯನ್ನು ತೊಳೆಯುತ್ತಿದ್ದಳು. ಮರುದಿನ ಕುಂದಗೋಳದ ಕಡೆ ನಲವತ್ತು ಕೂಸುಗಳಿಗೆ ಲಸಿಕೆ ಇತ್ತು. ಹೋಗುವಂತಿಲ್ಲ ಎಂದು ಗೊತ್ತಿದ್ದೂ ಪೆಟ್ಟಿಗೆ ತೊಳೆಯುತ್ತಿದ್ದಳು. ನೀಲಗಂಗಾ ಕಲ್ಲಿನ ಮೇಲೆ ಕೂತು ಆದೇಶ, ಮಿತಿ, ಪುಟ ಹದಿನೇಳು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಕಿತ್ತೂರನನ್ನು ಬಾಯಿಗೆ ಬಂದಂತೆ ಬೈದಳು.

ಕಸ್ತೂರಿ ನೀರು ಚೆಲ್ಲಿ ಪೆಟ್ಟಿಗೆಯನ್ನು ಬೋರಲು ಹಾಕಿದಳು. "ಅವನ ಸುದ್ದಿ ಬಿಡು. ಆ ಅಕ್ಷರ ಸಣ್ಣದು ಮಾಡಿದವ್ರು ಯಾರು?"

"ನಾನ."

"ಗಾಡಿ ಮ್ಯಾಲಿನ ಹೆಸರು ಇಳಿಯೂಕ್ಕಿಂತ ಮೊದಲ ಮುಗೀತು ಅಂತ ತೋರಿಸಿದವ್ರು?"

"ನಾನ. ಆದ್ರ ಜನ ಅಂಜತಿದ್ರು ಕಸ್ತೂರಿ. ಅವರಿಗೆ ಹಗುರ ಆಗಲಿ ಅಂತ..."

"ಅಂಜಲಿ!" ಕಸ್ತೂರಿಯ ದನಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. "ಅಂಜಿದ್ರ ಅಂಜಲಿ. ಸೂಜಿ ಚುಚ್ಚೂ ಮೊದಲ ನಾ ಪ್ರತಿ ತಾಯಿಗೂ ಹೇಳ್ತೀನಿ, ಕೂಸಿಗೆ ನೋವಾಕ್ಕೈತಿ, ಎರಡ ದಿನ ಜ್ವರ ಬರತಾವು ಅಂತ. ಕೆಲವೊಬ್ಬರು ಕೂಸು ಎತಗೊಂಡ ಓಡೇ ಹೊಕ್ಕಾರ. ಬೆನ್ನ ಹತ್ತಿ ಹೋಗಿ ಮತ್ತ ಹೇಳ್ತೀನಿ, ಆದ್ರ ಸುಳ್ಳು ಹೇಳೂದಿಲ್ಲ. ಇಪ್ಪತ್ತೆರಡ ವರ್ಷ ಹಂಗ ಮಾಡೀನಿ. ನೀ ಹೂವು ಉದುರಿಸಿದಿ! ನಾ ಆ ಹೂವು ನೋಡಿ, ನಮ್ಮ ವೈನಿ ಎಷ್ಟ ಚಂದ ಮಾಡ್ಯಾಳ ಅಂತ ಯಾರ್ಡಿನ್ಯಾಗ ನಾಕ ಮಂದಿಗೆ ತೋರಿಸಿ ಬಂದೀನಿ."

ಕಿತ್ತೂರನ ಮುಂದೆ ಇದ್ದ ಕೋಪವೆಲ್ಲ ಈಗ ತಿರುಗಿ ಅವಳನ್ನೇ ಸುಡುತ್ತಿತ್ತು. ಆ ರಾತ್ರಿ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡರು.

ಮಂಗಳವಾರ ವಿಚಾರಣಾಧಿಕಾರಿ ಗುರುಪಾದಪ್ಪ ಅಂಗಡಿಯವರ ಕೋಣೆಯಲ್ಲಿ ಫ್ಯಾನು ಕಿರ್ರೆನ್ನುತ್ತಿತ್ತು. ನಿವೃತ್ತಿಗೆ ಹತ್ತಿರವಾದ, ಕನ್ನಡಕವನ್ನು ಹಣೆಯ ಮೇಲೇರಿಸಿ ಓದುವ ಮನುಷ್ಯ. ಕಂಪನಿಯ ವಕೀಲ ಎದ್ದು ತಯಾರಾಗಿ ತಂದಿದ್ದ ಮಾತುಗಳನ್ನು ಆಡಿದ. ಗ್ರಾಹಕರು ಅಜಾಗರೂಕತೆಯಿಂದ ವಸ್ತು ಬಿಟ್ಟಿದ್ದಾರೆ, ಮುದ್ರೆ ಅವರ ಹೆಸರಲ್ಲೇ ಇತ್ತು, ಆದರೂ ಕಂಪನಿ ಅನುಕಂಪ ತೋರಿಸುತ್ತದೆ.

"ಅನುಕಂಪ!" ಎಂದಳು ನೀಲಗಂಗಾ ಹಿಂದಿನ ಬೆಂಚಿನಿಂದ. ಕೂತಲ್ಲಿಂದ ಎದ್ದುಬಿಟ್ಟಿದ್ದಳು. "ಸರ್, ಆ ಆ್ಯಪಿನ ಸ್ಕ್ರೀನ್ ಮಾಡಿದಾಕಿ ನಾನು. ಅದು ಸುಳ್ಳು ಹೇಳತೈತಿ. ಸುಳ್ಳು ಹೇಳೂ ಹಂಗ ನಾನ ಮಾಡೀನಿ."

ವಕೀಲ ಆಕ್ಷೇಪಣೆ ಎಂದ. ಅಂಗಡಿಯವರು ಅವನಿಗೆ ಕೈ ತೋರಿಸಿ ಸುಮ್ಮನಾಗಿಸಿ, ಕನ್ನಡಕ ಕೆಳಗಿಳಿಸಿ ಅವಳನ್ನು ನೋಡಿದರು. "ಸ್ಕ್ರೀನ್ ಏನರೆ ಹೇಳಲಿ ತಂಗಿ, ಕಾಯ್ದೆ ಮುದ್ರೀನ ಕೇಳತೈತಿ. ಮುದ್ರಿ ಇವರ ಹೆಸರು ಹೇಳತೈತಿ."

"ಮುದ್ರೀನ ಬೇಕಂತ ತಡದಾರ್ರಿ ಸರ್." ಅವಳು ಆದೇಶವನ್ನು ಮೇಜಿನ ಮೇಲಿಟ್ಟಳು. ನಿಂತೇ ಎಲ್ಲ ಹೇಳಿದಳು. ಟಿಕ್ ಯಾವಾಗ ಬರುತ್ತದೆ, ಪರೀಕ್ಷೆ ಯಾವಾಗ ನಡೆಯುತ್ತದೆ, ನಡುವೆ ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಗಾಡಿ ಎಲ್ಲಿ ತಿರುಗುತ್ತದೆ. ತಾನು ಬರೆದ ಪುಟವನ್ನೂ ಓದಿದಳು.

ಅಂಗಡಿಯವರು ಆದೇಶವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದನ್ನೆಲ್ಲಾ ಬರದ ಕೊಡ್ತೀರೇನು? ಗೊತ್ತಿದ್ದೂ ಮಂದಿಗೆ ತಪ್ಪು ತಿಳಿಯೂ ಹಂಗ ಮಾಡೀನಿ ಅಂತ? ಬರದ ಕೊಟ್ರ ಇವರ ಹೆಸರು ಇಳಸಬಹುದು. ಆದ್ರ ನಿಮ್ಮ ಮ್ಯಾಲೂ ಕೇಸ್ ಆಕ್ಕೈತಿ. ಮುಂದ ಎಲ್ಲೂ ಈ ಕೆಲಸ ಮಾಡಾಕ ಬರೂದಿಲ್ಲ."

ನಾದಿನಿಯ ಕಡೆಗೆ ಅವಳು ನೋಡಲಿಲ್ಲ. ನೋಡಿದರೆ ತಾನು ದೊಡ್ಡ ತ್ಯಾಗ ಮಾಡುತ್ತಿದ್ದೇನೆ ಅನ್ನಿಸೀತು, ಅದು ಅವಳಿಗೆ ಬೇಕಿರಲಿಲ್ಲ. ಕಾಗದ ಕೇಳಿ ತೆಗೆದುಕೊಂಡು ಮೂರು ಪುಟ ಬರೆದಳು. ಪ್ರತಿ ಪುಟದ ಕೆಳಗೂ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಅಕ್ಷರಗಳನ್ನು ದೊಡ್ಡದಾಗಿಯೇ ಬರೆದಳು.

ಅಂಗಡಿಯವರು ಆದೇಶ ಬರೆಸಿದರು. ಕಸ್ತೂರಿ ಹೂಗಾರರ ಹೆಸರು ಒಪ್ಪಿಸಿದ ಗಳಿಗೆಯಿಂದಲೇ ಇಳಿಯಿತು, ನೋಂದಣಿ ಈ ಕ್ಷಣದಿಂದ ಮರಳಿತು. ಆಮೇಲೆ ವಕೀಲನ ಕಡೆ ತಿರುಗಿದರು. "ಇಂಥಾವು ಎಷ್ಟ ಗಾಡಿ ಅದಾವ್ರಿ?" ವಕೀಲ ತಡವರಿಸಿದ. "ಹನ್ನೊಂದ ಸಾವಿರದ ನಾಕನೂರಾ ಹನ್ನೆರಡು," ಎಂದಳು ನೀಲಗಂಗಾ.

"ಒಂದ ತಾಸಿನ್ಯಾಗ ಎಲ್ಲಾ ಹೆಸರು ಇಳಿಸ್ರಿ. ಇಳಿಸಿದಲ್ಲಿ ನಿಮ್ಮ ಅಧಿಕಾರಿಗಳ ಹೆಸರು ಹಾಕ್ರಿ. ಹಾಕದಿದ್ರ ಗಾಡಿ ನಿಂತಲ್ಲೇ ನಿಲ್ಲಲಿ. ಅಪಘಾತ ಆದ ಗಾಡಿ ಹೊಣಿ ಈ ನಲವತ್ತ ಗ್ರಾಂ ಆದೇಶಕ್ಕ ಸಹಿ ಮಾಡಿದವರದು. ಯಾರವರು, ಕಿತ್ತೂರ? ಅವರಿಗೆ ನೋಟಿಸ್ ಕೊಡ್ರಿ."

ಹೊರಗೆ ಬಂದು ಸ್ಟೇಷನ್ ರಸ್ತೆಯ ಬದಿಯಲ್ಲಿ ನಿಂತಿದ್ದಾಗ ದಿಲ್‌ಶಾದ್ ಫೋನು ಮಾಡಿದಳು. ಹಿಂದೆ ಯಾರೋ ಕೂಗಾಡುವುದು ಕೇಳುತ್ತಿತ್ತು. "ಮೇಡಂ, ಕಿತ್ತೂರ ಸಾಹೇಬ್ರು ಬಂದು ಎಲ್ಲಾರಿಗೂ ಹೆಸರು ಕೊಡ್ರಿ ಕೊಡ್ರಿ ಅನ್ನಾಕತ್ತಾರ. ಇಪ್ಪತ್ಮೂರ ಸಾಹೇಬ್ರ ಮುಂದ ಸ್ಕ್ರೀನ್ ಹಿಡದೀನಿ. ಒಬ್ಬರೂ ಬಟನ್ ಒತ್ತವಲ್ರು. ಹಂಗಾರ ನೀವ ಮೊದಲ ಕೊಡ್ರಿ ಅಂತ ಎಲ್ಲಾರೂ ಅಂದ್ರ, ಕಿತ್ತೂರ ಸಾಹೇಬ್ರು ಗ್ವಾಡಿ ನೋಡಾಕತ್ತಾರ."

ಒಂದು ತಾಸು ತುಂಬಿತು. ಸ್ಟೇಷನ್ ರಸ್ತೆಯಲ್ಲಿ ಅವರ ಕಣ್ಣೆದುರಿಗೇ ಒಂದು ಪಾರ್ಸಲ್ ವ್ಯಾನು ವೇಗ ತಗ್ಗಿಸಿ ರಸ್ತೆಯ ಅಂಚಿಗೆ ಸರಿದು ನಿಂತಿತು. ಅದರ ಹಿಂದೆ ಇನ್ನೊಂದು, ಆಚೆಯ ತಿರುವಿನಲ್ಲಿ ನಾಲ್ಕು. ಮನುಷ್ಯರ ಹೆಸರಿಲ್ಲದೆ ಒಂದೂ ಮಿಸುಕಲಿಲ್ಲ. ಬಸ್ಸಿನವರು ಹಾರ್ನ್ ಬಾರಿಸಿದರು, ಜನ ಕಂಪನಿಯ ಹೆಸರು ಹಿಡಿದು ಬೈದರು. ಬೈಯಲಿ ಎನಿಸಿತು ನೀಲಗಂಗಳಿಗೆ.

ಕಸ್ತೂರಿ ಬೆಳಿಗ್ಗೆಯಿಂದ ಇದೇ ಮೊದಲ ಮಾತು ಆಡಿದಳು. "ಆಸ್ಪತ್ರಿಗೆ ನಡಿ."

"ಡ್ಯೂಟಿಗೇನು?"

"ಅಲ್ಲ. ಇಮಾಮಸಾಬರ ಹಂತೇಕ. ಅಧಿಕಾರಿ ಮುಂದ ಹೇಳೂದು ಸುಲಭ. ಅವರ ಮುಂದ ನಿಂತು ಹೇಳು."

"ನಿನಗ ಇನ್ನೂ ಸಿಟ್ಟ ಐತಿ."

"ಐತಿ," ಎಂದಳು ಕಸ್ತೂರಿ, ಮತ್ತು ನಿಂತ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ನಡೆದಳು. ನೀಲಗಂಗಾ ಹಿಂದೆ ನಡೆದಳು.

ಆಸ್ಪತ್ರೆಯ ಗಂಡಸರ ವಾರ್ಡಿನ ಕೊನೆಯ ಮಂಚದಲ್ಲಿ ಅರವತ್ತು ದಾಟಿದ, ಬಡಕಲು ಮೈಯ ಇಮಾಮಸಾಬ್ ಮಲಗಿದ್ದರು. ಸೊಂಟದಿಂದ ಕೆಳಗೆ ಪಟ್ಟಿ ಬಿಗಿದು ಕಾಲಿಗೆ ತೂಕ ಕಟ್ಟಿದ್ದರು. ಹತ್ತಿ ಹಿಂಜುವವರು ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರಬೇಕು. ಇನ್ನು ಹಾಗೆ ಕೂರಲಾಗದು ಎಂದು ಬೆಳಿಗ್ಗೆಯಷ್ಟೇ ಡಾಕ್ಟರು ಹೇಳಿ ಹೋಗಿದ್ದರು. ಕಸ್ತೂರಿ ತನ್ನ ಹೆಸರು ಹೇಳಿದಳು, ವ್ಯಾನು ಮೂರು ದಿನದ ಹಿಂದಿನವರೆಗೆ ತನ್ನದಾಗಿತ್ತು ಎಂದಳು. ಆಮೇಲೆ ಸರಿದು ನಿಂತು ಜಾಗ ಬಿಟ್ಟಳು.

ನೀಲಗಂಗಾ ಮಂಚದ ಕಬ್ಬಿಣದ ಪಟ್ಟಿ ಹಿಡಿದುಕೊಂಡು ಹೇಳಿದಳು. ಈ ಸಲ ಆದೇಶದ ಮಾತಿಲ್ಲ, ಕಿತ್ತೂರನ ಮಾತಿಲ್ಲ. ಗಾಡಿ ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ರಸ್ತೆಯಲ್ಲಿತ್ತು, ಅದು ಯಾರಿಗೂ ಗೊತ್ತಾಗದ ಹಾಗೆ ಹೂವಿನ ಎಸಳು ಉದುರಿಸಿ ಮುಚ್ಚಿಟ್ಟ ಸ್ಕ್ರೀನನ್ನು ಮಾಡಿದವಳು ತಾನು. ಅಷ್ಟೇ.

ಮುದುಕ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಗಾಡ್ಯಾಗ ಯಾರೂ ಇದ್ದಿಲ್ಲ," ಎಂದರು. "ಬಿದ್ದಲ್ಲಿಂದ ತಲೀ ಎತ್ತಿ ನೋಡಿದ್ನಿ. ಬೈಯಬೇಕಂದ್ರ ಮುಂದಿನ ಸೀಟಿನ್ಯಾಗ ಒಬ್ಬನೂ ಇದ್ದಿಲ್ಲ. ಪೊಲೀಸರು ಬಂದ್ರು, ಡಾಕ್ಟರ್ ಬಂದ್ರು, ಕಂಪನ್ಯಾಗಿಂದ ಒಬ್ಬಾಂವ ಹಣ್ಣು ಇಟ್ಟ ಹೋದ. ಕೇಳಿದ್ರ ಎಲ್ಲಾರೂ ನಾ ಅಲ್ಲ, ನಾ ಅಲ್ಲ. ಮೂರ ದಿನದಿಂದ ಮ್ಯಾಲಿನ ಫ್ಯಾನಿಗೆ ಬೈಯಾಕತ್ತೀನಿ." ಅವರು ಮಂಚದ ಪಕ್ಕದ ಸ್ಟೂಲಿನ ಕಡೆ ಗದ್ದ ಎತ್ತಿದರು. "ಕುಂಡರು."

ನೀಲಗಂಗಾ ಕೂತಳು. ಇಮಾಮಸಾಬ್ ಒಮ್ಮೆ ಉಸಿರೆಳೆದುಕೊಂಡು ಬೈಯಲು ಶುರುಮಾಡಿದರು. ತಮ್ಮ ಕಾಲಿಗಾಗಿ, ಸೈಕಲ್ಲಿಗಾಗಿ, ಅರ್ಧ ಹಿಂಜಿ ಬಿಟ್ಟುಬಂದ ಗಾದಿಗಾಗಿ, ಇನ್ನೆಂದೂ ಹಿಡಿಯಲಾಗದ ಹತ್ತಿ ಹಿಂಜುವ ಬಿಲ್ಲಿಗಾಗಿ ಬೈದರು. ಅವಳ ಓದಿಗೆ, ಅವಳ ಬುದ್ಧಿಗೆ, ಅವಳ ಹೂವಿನ ಎಸಳಿಗೆ ಬೈದರು. ವಾರ್ಡಿನವರೆಲ್ಲ ತಿರುಗಿ ನೋಡಿದರು, ಒಬ್ಬ ನರ್ಸು ಓಡಿ ಬಂದಳು. ಕಸ್ತೂರಿ ಅವಳನ್ನು ತೋಳು ಹಿಡಿದು ತಡೆದು, "ಮುಗಸಲಿ ಬಿಡು" ಎಂದಳು. ನೀಲಗಂಗಾ ತಲೆ ತಗ್ಗಿಸಲಿಲ್ಲ. ಬೈಯುವವರ ಮುಖವನ್ನೇ ನೋಡುತ್ತ, ಒಂದು ಮಾತೂ ಬಿಡದೆ, ಪೂರ್ತಿ ಕೇಳಿಸಿಕೊಂಡಳು.